ನೀರಕ್ಕ ಕಾಲೇಜು ಹುಡುಕಿದ್ದು

ನೀರು ಬರದ ದಿನ ನಮ್ಮ ಬೀದಿಯವರು ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ, ಆಮೇಲೆ ನೀರಕ್ಕನ ಮನೆಯ ಕದ ತಟ್ಟುತ್ತಾರೆ. ಊರಿಗೆಲ್ಲ ನೀರು ಶುದ್ಧ ಮಾಡಿ ಕಳಿಸುವ ಜಲಾಗಾರದಲ್ಲಿ ಅವಳು ಕಂಟ್ರೋಲ್ ರೂಮಿನ ಆಪರೇಟರ್. ಹೆತ್ತವರು ಇಟ್ಟ ಹೆಸರು ಒಂದಿದೆ, ಆದರೆ ಅದು ಆಫೀಸಿನ ಹಾಜರಾತಿಗೆ ಮಾತ್ರ. ಉಳಿದವರಿಗೆಲ್ಲ, ಅವಳಿಗಿಂತ ದೊಡ್ಡವರಿಗೂ, ಅವಳು ನೀರಕ್ಕನೇ. ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ವಿಭಾಗದ ಡಿಪ್ಲೊಮಾ ಮುಗಿಸಿದ ವರ್ಷವೇ ಕೆಲಸ ಸಿಕ್ಕಿತು, ಹಿಂದೆಯೇ ಮದುವೆ ಆಯಿತು, ಮುಂದೆ ಓದುವ ಮಾತು ಅಲ್ಲಿಗೇ ನಿಂತಿತು. ಗಂಡ ದರ್ಜಿ. ಬಾಯಿಗಿಂತ ಕತ್ತರಿಗೆ ಹೆಚ್ಚು ಕೆಲಸ ಕೊಡುವ ಮನುಷ್ಯ. ಜೊತೆಗೆ ಅತ್ತೆ ಇದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಕೆಲಸಕ್ಕೆ ನಿವೃತ್ತಿ ಸಿಕ್ಕಿತ್ತು, ನಾಲಿಗೆಗೆ ಇನ್ನೂ ಸಿಕ್ಕಿರಲಿಲ್ಲ.

ಕಂಟ್ರೋಲ್ ರೂಮು ಅಂದರೆ ದೊಡ್ಡದೇನಲ್ಲ. ನೀರು ಸೋಸುವ ತೊಟ್ಟಿಗಳ ಹಿಂದೆ ಗಾಜಿನ ಕಿಟಕಿಯ ಒಂದು ಉದ್ದನೆಯ ಕೋಣೆ. ಎರಡು ಕಂಪ್ಯೂಟರ್ ಪರದೆ, ಒಂದು ಫೋನು, ಗಂಡ ಉಳಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಮೆತ್ತೆ ಹಾಕಿದ ಒಂದು ಕುರ್ಚಿ. ಯಾವ ಪಂಪು ಓಡುತ್ತಿದೆ, ಯಾವ ಟ್ಯಾಂಕು ಎಷ್ಟು ತುಂಬಿದೆ, ನೀರಿಗೆ ಕ್ಲೋರಿನ್ ಎಷ್ಟು ಬೀಳುತ್ತಿದೆ, ಎಲ್ಲವೂ ಪರದೆಯ ಮೇಲೆ ಕಾಣುತ್ತದೆ. ಬದಲಾಯಿಸಬೇಕಾದ್ದನ್ನು ಅಲ್ಲಿಂದಲೇ ಬದಲಾಯಿಸಬಹುದು.

ಆ ದಿನ ಅವಳದು ಬೆಳಗಿನ ಪಾಳಿ. ಚಹಾ ಹೀರುತ್ತ ಪರದೆ ನೋಡುತ್ತಿದ್ದಾಗ ಮೌಸಿನ ಬಾಣ ತಾನಾಗಿಯೇ ಅಲುಗಿತು. ಅವಳ ಕೈ ಮೌಸಿನ ಮೇಲಿರಲಿಲ್ಲ. ಅವಳಿಗೆ ಗಾಬರಿ ಆಗಲಿಲ್ಲ, ಯಾಕೆಂದರೆ ಇಂಜಿನಿಯರ್ ಸಾಹೇಬರು ಆಗಾಗ ಮನೆಯಿಂದಲೇ ಒಳಬಂದು ಇದು ಅದು ನೋಡುವುದಿತ್ತು. ಬಾಣ ಒಂದು ಕಿಟಕಿ ತೆರೆಯಿತು, ಮುಚ್ಚಿತು, ಇನ್ನೊಂದು ತೆರೆಯಿತು. ‘ಸಾಹೇಬರು ಏನೋ ಹುಡುಕ್ತಿದ್ದಾರೆ’ ಅಂದುಕೊಂಡು ಅವಳು ಸುಮ್ಮನೆ ನೋಡುತ್ತ ಕೂತಳು. ಆ ಸುಮ್ಮನೆ ಕೂತದ್ದು ಆಮೇಲೆ ಅವಳನ್ನು ವರ್ಷಗಟ್ಟಲೆ ಚುಚ್ಚಿತು.

ಬಾಣ ಕ್ಲೋರಿನ್ನಿನ ಅಂಕಿಗೆ ಬಂತು. ಅಂಕಿ ಏರಿತು. ಮತ್ತೆ ಏರಿತು. ಅವಳು ಫೋನು ಎತ್ತಿ ಸಾಹೇಬರಿಗೆ ಮಾಡಿದಳು.

“ಸಾರ್, ಕ್ಲೋರಿನ್ ಯಾಕೆ ಏರಿಸ್ತಿದೀರಿ?”

ಆ ಕಡೆಯಿಂದ ಬಾಯಲ್ಲಿ ಹತ್ತಿ ತುರುಕಿದ ಹಾಗೆ ಧ್ವನಿ ಬಂತು. “ನಾನಲ್ಲಮ್ಮ. ನಾನು ಹಲ್ಲಿನ ಡಾಕ್ಟರ್ ಹತ್ತಿರ ಇದೀನಿ. ಬಾಯಿ ಜೋಮು ಹಿಡಿದಿದೆ.”

ಅವಳು ಚಹಾದ ಲೋಟ ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಹೊರಗೆ ಪಂಪು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ “ನೆಟ್ ವೈರು ಕೀಳಿ, ಗೋಡೆಯಿಂದಲೇ ಕೀಳಿ” ಎಂದು ಕೂಗಿ ಹೇಳಿ, ಕ್ಲೋರಿನ್ ಶೆಡ್ಡಿಗೆ ಓಡಿದಳು. ಅಲ್ಲಿ ಕೈಯಿಂದ ತಿರುಗಿಸುವ ಹಳೆಯ ವಾಲ್ವು ಒಂದಿತ್ತು. ಯಾರೂ ಮುಟ್ಟದೆ ತುಕ್ಕು ಹಿಡಿದಿತ್ತು. ಅಂಗೈ ಸಿಪ್ಪೆ ಏಳುವವರೆಗೆ ತಿರುಗಿಸಿ ಮುಚ್ಚಿದಳು.

ಊರಿಗೆ ಕೆಟ್ಟ ನೀರು ಹೋಗಲಿಲ್ಲ. ಆದರೆ ಟ್ಯಾಂಕುಗಳನ್ನೆಲ್ಲ ಖಾಲಿ ಮಾಡಿ, ತೊಳೆದು, ಪರೀಕ್ಷೆ ಮಾಡಿ ಮತ್ತೆ ತುಂಬುವ ತನಕ ನೀರೇ ಬರಲಿಲ್ಲ. ಬೀದಿಯವರು ಖಾಲಿ ಕೊಡ ಹಿಡಿದು ಅವಳ ಬಾಗಿಲಲ್ಲಿ ನಿಂತರು. ಕೆಲವರು ಹೊಗಳಿದರು, ಕೆಲವರು ಬೈದರು. ಅವಳ ತಲೆ ಎರಡರಲ್ಲೂ ಇರಲಿಲ್ಲ. ‘ನನ್ನ ಕಣ್ಣೆದುರೇ ನಡೀತು, ಏನು ನಡೀತು ಅಂತ ನನಗೇ ಗೊತ್ತಾಗ್ಲಿಲ್ಲ’ ಅನ್ನುವುದೊಂದೇ ಒಳಗೆ ಕೊರೆಯುತ್ತಿತ್ತು.

ತನಿಖೆಗೆ ಹೊರಗಿನಿಂದ, ಕಂಪ್ಯೂಟರ್ ಕಳ್ಳತನ ಪತ್ತೆ ಮಾಡುವ ಒಬ್ಬ ಹೆಂಗಸು ಬಂದರು. ತಲೆ ಅರ್ಧ ನರೆತವರು, ಕೈಯಲ್ಲಿ ಸಣ್ಣ ಕಂಪ್ಯೂಟರ್. ಬಂದವರು ಯಾರನ್ನೂ ಗದರಿಸಲಿಲ್ಲ. ನೀರಕ್ಕನ ಕುರ್ಚಿಯ ಪಕ್ಕದಲ್ಲೇ ಕೂತು, ಬಾಣ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕೇಳಿಕೊಂಡರು. ಕೆಲಸ ಮುಗಿಸಿ ಹೊರಡುವಾಗ ನೀರಕ್ಕ ಅವರನ್ನು ಗೇಟಿನ ತನಕ ಬಿಡಲು ಹೋದಳು.

“ಮೇಡಂ, ಆ ಕಳ್ಳರು ಒಳಗೆ ಹೇಗೆ ಬಂದ್ರು?”

“ಹೇಳಬಹುದು. ಆದರೆ ಹೇಳಿದ್ರೆ ನಿಮಗೆ ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಬೇಜಾರು ಮಾಡ್ಕೋಬೇಡಿ.”

“ಪೂರ್ತಿ ಅರ್ಥ ಆಗ್ಬೇಕು ಅಂದ್ರೆ?”

“ಓದಬೇಕು. ಸೈಬರ್ ಭದ್ರತೆ ಅಂತ ಪದವಿ ಇದೆ, ಮಾಹಿತಿಯನ್ನ ಕಾಪಾಡೋದೂ ಅದರಲ್ಲೇ ಬರುತ್ತೆ. ಕೆಲಸದ ಜೊತೆ ಓದೋರೂ ಇದ್ದಾರೆ.” ಕಾರಿನ ಬಾಗಿಲು ತೆಗೆದವರು ಒಂದು ಗಳಿಗೆ ನಿಂತರು. “ಒಂದು ಮಾತು. ಈಗ ಎಲ್ಲಿ ನೋಡಿದ್ರೂ ಈ ಕೋರ್ಸಿನ ಬೋರ್ಡು. ನಾವು ಒಳ್ಳೆಯವರು ಅಂತ ಕಾಲೇಜು ತಾನೇ ಹೇಳ್ಕೊಳ್ಳೋದು ಬೇರೆ, ಹೊರಗಿನವರು ಬಂದು ಪರೀಕ್ಷೆ ಮಾಡಿ ಹೌದು ಅನ್ನೋದು ಬೇರೆ. ಮಾನ್ಯತೆ ಕೊಟ್ಟೋರು ಯಾರು ಅಂತ ಕೇಳಿ. ಹಾಗೆ ಕೊಡೋ ಅಧಿಕಾರ ಅವರಿಗೆ ಯಾರು ಕೊಟ್ರು ಅಂತಾನೂ ಕೇಳಿ. ಕಾಲೇಜಿಗೆ ಮಾನ್ಯತೆ ಇದ್ರೆ ಸಾಲದು, ನೀವು ಸೇರೋ ಕೋರ್ಸಿಗೇ ಇದೆಯಾ ನೋಡಿ.”

ಅಂದು ಊಟಕ್ಕೆ ಕೂತಾಗ ನೀರಕ್ಕ ವಿಷಯ ತೆಗೆದಳು. ಗಂಡ ಅನ್ನ ಕಲಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

“ಈಗ? ಈ ವಯಸ್ಸಲ್ಲಿ?”

“ಇನ್ನೂ ವಯಸ್ಸಾಗೋಕೆ ಮುಂಚೆ,” ಅಂದಳು ಅವಳು.

ಅತ್ತೆ ಮಗನ ತಟ್ಟೆಗೆ ಇನ್ನಷ್ಟು ಬಡಿಸಿದರು. “ತಿನ್ನು. ಅವಳು ಕೇಳ್ತಿಲ್ಲ, ಹೇಳ್ತಿದ್ದಾಳೆ.”

ಆಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಮೈದುನ. ಅವನು ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ, ಅದರ ಹಿಂದಿನ ಕೋಣೆಯಲ್ಲೇ ಇದ್ದುಕೊಂಡು ಊಟಕ್ಕೆ ಮನೆಗೆ ಬರುತ್ತಿದ್ದ. ಬುದ್ಧಿವಂತ, ಚಿಕ್ಕಂದಿನಿಂದ ಗಣಿತದಲ್ಲಿ ಎತ್ತಿದ ಕೈ. ಪೇಟೆಯ ಮಧ್ಯದ ಗಾಜಿನ ಕಟ್ಟಡದಲ್ಲಿರುವ ಒಂದು ಖಾಸಗಿ ಸಂಸ್ಥೆಯಲ್ಲಿ ಇದೇ ವಿಷಯ ಓದಿ ಪದವಿ ಪಡೆದಿದ್ದ. ಆ ಪದವಿ ಚೌಕಟ್ಟಿನಲ್ಲಿ ಅಂಗಡಿಯ ಗೋಡೆಗೆ ತೂಗಿತ್ತು. ದೊಡ್ಡ ಕೆಲಸಗಳಿಗೆ ಅರ್ಜಿ ಹಾಕುತ್ತಲೇ ಇದ್ದ. ಸಂದರ್ಶನದ ತನಕ ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಆಮೇಲೆ ಅವರ ಕಡೆಯಿಂದ ಸದ್ದೇ ಇರುತ್ತಿರಲಿಲ್ಲ. ನಸೀಬು ಅಂದುಕೊಂಡಿದ್ದ.

“ಅತ್ತಿಗೆ, ಬೇರೆ ಎಲ್ಲೂ ನೋಡೋದೇ ಬೇಡ. ನಮ್ಮ ಸಂಸ್ಥೆಗೇ ಸೇರಿ. ನಾನು ಹೇಳಿದ್ರೆ ನಾಳೆನೇ ಸೀಟು ಕೊಡ್ತಾರೆ.”

“ಒಂದ್ಸಲ ನೋಡ್ಕೊಂಡು ಬರ್ತೀನಿ ಬಿಡಪ್ಪ.”

“ನೋಡೋಕೇನಿದೆ? ನಾನೇ ಓದಿಲ್ವಾ ಅಲ್ಲಿ?”

“ನೀನು ಓದಿದೀಯ ಅಂತಾನೇ ಮೊದಲು ಅಲ್ಲಿಗೆ ಹೋಗ್ತಿರೋದು,” ಅಂದಳು.

ವಾರದ ರಜೆಯ ದಿನ ಹೊರಟು ನಿಂತಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡರು. “ನಾನೂ ಬರ್ತೀನಿ. ಮನೆಯಲ್ಲಿ ಕೂತು ಕೂತು ಮಂಡಿ ಹಿಡ್ಕೊಂಡಿದೆ.”

ಸಂಸ್ಥೆಯ ಒಳಗೆ ಕಾಲಿಟ್ಟರೆ ಹೋಟೆಲಿಗೆ ಬಂದ ಹಾಗಿತ್ತು. ತಣ್ಣನೆ ಗಾಳಿ, ಮೆತ್ತನೆ ಸೋಫಾ, ಗೋಡೆಯ ತುಂಬ ನಗುವ ಮುಖಗಳು. ಸ್ವಾಗತದ ಮೇಜಿನ ಹಿಂದೆ ಒಬ್ಬಳು ಹುಡುಗಿ. ಪಾಪ, ಅವಳಿಗೆ ಕೆಟ್ಟ ನೆಗಡಿ. ಪ್ರತಿ ಮಾತಿಗೂ ಮೂಗು ಒರೆಸಿಕೊಳ್ಳುತ್ತಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ.

“ಎಷ್ಟು ದಿನದಿಂದ ಹೀಗಿದೆಯಮ್ಮ? ಬಿಸಿನೀರಿನ ಹಬೆ ತಗೊಂಡ್ಯಾ?”

“ಇಲ್ಲ ಆಂಟಿ. ರಜಾ ಕೊಡಲ್ಲ ಇಲ್ಲಿ.”

“ಹಬೆಗೆ ರಜಾ ಯಾಕೆ? ಮನೆಗೆ ಹೋಗಿ ತಗೋ. ತಲೆ ಮೇಲೆ ಟವೆಲ್ ಮುಚ್ಚಿಕೊಂಡು ತಗೋಬೇಕು, ಹಾಗೇ ಅಲ್ಲ.”

ಅಷ್ಟರಲ್ಲಿ ಕೋಟು ಹಾಕಿದ ಸಲಹೆಗಾರ ಒಬ್ಬ ಬಂದು ಅವರನ್ನು ಒಳಗೆ ಕರೆದ. ಅವನ ಮಾತು ಕೇಳಿದರೆ ಕೋರ್ಸು ಮುಗಿಯುವ ಮೊದಲೇ ಕೆಲಸ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತದೆ ಅನ್ನಿಸುತ್ತಿತ್ತು. ನೀರಕ್ಕ ತಾಳ್ಮೆಯಿಂದ ಎಲ್ಲ ಕೇಳಿಕೊಂಡು ಆಮೇಲೆ ಕೇಳಿದಳು.

“ಈ ಕೋರ್ಸಿಗೆ ಮಾನ್ಯತೆ ಕೊಟ್ಟಿರೋರು ಯಾರು?”

“ಅಂತಾರಾಷ್ಟ್ರೀಯ ಮಾನ್ಯತಾ ಮಂಡಳಿ, ಮೇಡಂ. ಜಗತ್ತಿನಾದ್ಯಂತ ನಡೆಯುತ್ತೆ.”

“ಆ ಮಂಡಳಿಗೆ ಅಧಿಕಾರ ಕೊಟ್ಟೋರು?”

ಅವನು ನಕ್ಕ. “ಅದನ್ನ ಇದುವರೆಗೆ ಯಾರೂ ಕೇಳಿಲ್ಲ ಮೇಡಂ.”

“ಹಾಗಾದ್ರೆ ನಾನೇ ಮೊದಲು. ಲ್ಯಾಬು ನೋಡಬಹುದಾ?”

ಲ್ಯಾಬಿನಲ್ಲಿ ಬಣ್ಣ ಬಳಿಯುವ ಕೆಲಸ ನಡೀತಿದೆ, ಮುಂದಿನ ತಿಂಗಳು ಬನ್ನಿ ಅಂದ. ಬಣ್ಣದ ವಾಸನೆ ಮಾತ್ರ ಎಲ್ಲೂ ಇರಲಿಲ್ಲ. ಅತ್ತೆ ಮೂಗು ಅರಳಿಸಿ ಒಮ್ಮೆ ಗಾಳಿ ಎಳೆದುಕೊಂಡು ಸೊಸೆಯ ಕಡೆ ನೋಡಿದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನೀರಕ್ಕ ಆ ಮಂಡಳಿಯ ನಂಬರು ಹುಡುಕಿ ಫೋನು ಮಾಡಿದಳು. ಅತ್ತೆಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು. ಎರಡು ಸಲ ಗಂಟೆ ಬಾರಿಸಿದ ಮೇಲೆ ಫೋನು ಎತ್ತಿದರು.

“ನಮಸ್ಕಾರ, ಅಂತಾರಾಷ್ಟ್ರೀಯ ಮಾನ್ಯತಾ ಮಂಡಳಿ,” ಎಂದಿತು ಕಟ್ಟಿದ ಮೂಗಿನ ಧ್ವನಿ, ಹಿಂದೆಯೇ ಒಂದು ಸೀನು.

ಅತ್ತೆ ಬಗ್ಗಿ ಫೋನಿಗೆ ಹೇಳಿದರು, “ಹಬೆ ತಗೋ ಅಂದೆನಲ್ಲಮ್ಮ.”

“ತಗೋತೀನಿ ಆಂಟಿ, ಸಂಜೆ ಮನೆಗೆ ಹೋದ ತಕ್ಷಣ...” ಎಂದಳು ಆ ಹುಡುಗಿ. ಆಮೇಲೆ ಅವಳಿಗೆ ಹೊಳೆಯಿತು. ಫೋನು ಕಟ್ಟಾಯಿತು.

ಬಸ್ ಸ್ಟಾಪಿನಲ್ಲಿ ಅತ್ತೆ ಸೊಸೆ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪಕ್ಕದಲ್ಲಿ ನಿಂತವರು ತಿರುಗಿ ನೋಡಿದರು. ನಗು ಮೊದಲು ನಿಂತದ್ದು ಅತ್ತೆಯದು. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವರು ಹಾಗೆಯೇ ಕೈ ಇಳಿಸಿದರು.

“ಹಾಗಾದ್ರೆ ನನ್ನ ಮಗ ಓದಿದ್ದು?” ಅಂದರು.

ಬಸ್ಸು ಬಂತು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಫೋನಿನಲ್ಲಿ ಸೀನಿದ ಮಾತ್ರಕ್ಕೆ ತೀರ್ಮಾನ ಮಾಡುವುದು ಸರಿಯಲ್ಲ ಅಂತ ನೀರಕ್ಕ ಮರುವಾರ ಉನ್ನತ ಶಿಕ್ಷಣ ಇಲಾಖೆಯ ಕಚೇರಿಗೂ ಹೋದಳು. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿ ಕಂಪ್ಯೂಟರಿನಲ್ಲಿ ಹುಡುಕಿದರು, ಪಕ್ಕದವರನ್ನೂ ಕೇಳಿದರು. ಅಂಥ ಮಂಡಳಿಗೆ ಸರ್ಕಾರ ಯಾವತ್ತೂ ಅಧಿಕಾರ ಕೊಟ್ಟಿರಲಿಲ್ಲ. “ನೀವು ಸೇರೋಕೆ ಮುಂಚೆ ಬಂದ್ರಿ. ಎಲ್ಲರೂ ಸೇರಿ, ಮುಗಿಸಿ, ಆಮೇಲೆ ಬರ್ತಾರೆ,” ಅಂದರು ಗುಮಾಸ್ತರು.

ಮೈದುನನಿಗೆ ಹೇಳುವುದು ಹೇಗೆ ಎಂದು ಮನೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಗಂಡ “ಹೇಳೋದೇ ಬೇಡ, ಅವನಷ್ಟಕ್ಕೆ ಅವನು ಚೆನ್ನಾಗಿದ್ದಾನೆ” ಅಂದ. ನೀರಕ್ಕ ಒಪ್ಪಲಿಲ್ಲ. “ಚೆನ್ನಾಗಿಲ್ಲ. ಕೆಲಸ ಯಾಕೆ ಸಿಗ್ತಿಲ್ಲ ಅಂತ ತನ್ನನ್ನೇ ತಾನು ಬೈಕೊಳ್ತಿದ್ದಾನೆ. ಗೊತ್ತಿದ್ದೂ ನಾನು ಸುಮ್ಮನೆ ನೋಡ್ತಾ ಕೂರಲ್ಲ.”

ಸಂಜೆ ಅಂಗಡಿಗೆ ಹೋದಳು. ಅವನು ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತಿದ್ದ. ಅವಳು ಸುತ್ತಿ ಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಅಂದ್ರೆ ನಾನು ಕಲಿತದ್ದೆಲ್ಲ ಸುಳ್ಳಾ ಅತ್ತಿಗೆ?”

“ಕಲಿತದ್ದು ಸುಳ್ಳಲ್ಲ. ನೀನು ಕಲಿತಿದ್ದೀಯ ಅಂತ ಹೇಳೋಕೆ ಅವರಿಗೆ ಹಕ್ಕಿರಲಿಲ್ಲ.”

“ನಿಮಗೇನು ಸುಲಭ. ಇನ್ನೂ ಶುರುವೇ ಮಾಡಿಲ್ಲ ನೀವು.” ಅವನು ಬಿಚ್ಚಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿದ. “ನನ್ನ ಯೌವನ ಅಲ್ಲಿ ಹೋಯ್ತು. ದಯವಿಟ್ಟು ಹೋಗಿ ಈಗ.”

ಅವಳು ಹೊರಟಳು. ಮರುದಿನ ಗೋಡೆಯ ಮೇಲೆ ಚೌಕಟ್ಟು ಇರಲಿಲ್ಲ, ಅದಿದ್ದ ಜಾಗದ ಸುಣ್ಣ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಅವನು ಮನೆಗೆ ಬರುವುದನ್ನು ಬಿಟ್ಟ. ಅತ್ತೆಯೇ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋಗಿ ಬರುತ್ತಿದ್ದರು. ಸೊಸೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಆದರೆ ಮನೆಯಲ್ಲಿ ನಗು ಕಡಿಮೆ ಆಯಿತು. ‘ನನಗ್ಯಾಕೆ ಬೇಕಿತ್ತು ಇದೆಲ್ಲ’ ಅಂತ ನೀರಕ್ಕನಿಗೆ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಆದರೂ ಹುಡುಕುವುದನ್ನು ನಿಲ್ಲಿಸಲಿಲ್ಲ.

ಈ ಸಲ ಅವಳು ಹುಡುಕಿದ್ದು ಉಲ್ಟಾ ದಾರಿಯಲ್ಲಿ. ಕಾಲೇಜು ನೋಡಿ ಮಾನ್ಯತೆ ಕೇಳುವ ಬದಲು, ಮಾನ್ಯತೆ ಕೊಡುವ ಅಧಿಕಾರ ಯಾರಿಗಿದೆ ಅಂತ ಇಲಾಖೆಯಲ್ಲಿ ತಿಳಿದುಕೊಂಡು, ಅವರು ಯಾವ ಯಾವ ಕೋರ್ಸುಗಳನ್ನು ಒಪ್ಪಿದ್ದಾರೆ ಅಂತ ನೋಡಿದಳು. ಹಾಗೆ ನೋಡಿದಾಗ ಊರಿನಲ್ಲೇ ಒಂದು ಸಿಕ್ಕಿತು. ರೈಲ್ವೆ ನಿಲ್ದಾಣದ ಹಿಂದಿನ ಹಳೆಯ ಸರ್ಕಾರಿ ಕಾಲೇಜು. ಸಂಜೆ ತರಗತಿ. ಆ ಕಾಲೇಜಿನ ಮುಂದೆ ಅವಳು ಎಷ್ಟೋ ವರ್ಷ ಬಸ್ಸಿನಲ್ಲಿ ಹೋಗಿದ್ದಳು, ಇನ್ನೂ ನಡೆಯುತ್ತಿದೆ ಅಂತಲೇ ಗೊತ್ತಿರಲಿಲ್ಲ.

ಅತ್ತೆ ಈ ಸಲವೂ ಬಂದರು. ಅಲ್ಲಿ ಸೋಫಾ ಇರಲಿಲ್ಲ, ಬೆಂಚಿತ್ತು. ಮೆಟ್ಟಿಲ ಅಂಚು ಸವೆದಿತ್ತು. ವಿಭಾಗದ ಮುಖ್ಯಸ್ಥರಾದ ಮೇಡಂ ತಮ್ಮ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಬಂದವರನ್ನು ಕೂರಿಸಿ, ಕೆಂಪು ಪೆನ್ನಿನ ಮುಚ್ಚಳ ಹಾಕಿ, ಮೊದಲನೆಯ ಮಾತೇ ಹೀಗೆ ಹೇಳಿದರು:

“ಇದು ಕಷ್ಟದ ಕೋರ್ಸು. ಕೆಲಸ ಮಾಡ್ಕೊಂಡು ಓದೋರಲ್ಲಿ ಬಹಳ ಜನ ಮಧ್ಯದಲ್ಲೇ ಬಿಡ್ತಾರೆ. ಗಣಿತ ಎಷ್ಟು ನೆನಪಿದೆ ನಿಮಗೆ?”

“ಅಷ್ಟಾಗಿ ಇಲ್ಲ ಮೇಡಂ.”

“ನಿಜ ಹೇಳಿದ್ರಲ್ಲ, ಒಳ್ಳೆಯದಾಯ್ತು.”

ನೀರಕ್ಕ ತನ್ನ ಪ್ರಶ್ನೆಗಳನ್ನು ಕೇಳಿದಳು. ಮೇಡಂ ಬೇಸರಿಸಲಿಲ್ಲ. ಕಾಲೇಜಿಗೆ ಬೇರೆ ಮಾನ್ಯತೆ, ಈ ಕೋರ್ಸಿಗೇ ಬೇರೆ ಮಾನ್ಯತೆ, ಎರಡೂ ಇವೆ ಅಂದರು. ಹೊರಗಿನ ತಂಡ ಬಂದು ಪಾಠ ಕೇಳಿ, ಲ್ಯಾಬು ನೋಡಿ, ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಹೋಗುತ್ತದೆ. “ಹೋದ ಸಲ ನಮ್ಮ ಮೇಲೆ ಆಕ್ಷೇಪಣೆಯನ್ನೂ ಬರೆದ್ರು. ಪಾಠ ಮಾಡೋರು ಸಾಲದು ಅಂತ. ನಿಜಾನೇ. ಆಮೇಲೆ ಇಬ್ಬರನ್ನ ತಗೊಂಡ್ವಿ.”

ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದರು. “ನಿಮ್ಮ ಕೊರತೆ ನೀವೇ ಹೇಳ್ತಿದೀರಲ್ಲ?”

“ಮುಚ್ಚಿಟ್ರೆ ಮುಂದಿನ ಸಲ ಅವರೇ ಹೇಳ್ತಾರಮ್ಮ.”

ಲ್ಯಾಬನ್ನು ತಾವೇ ತೆರೆದು ತೋರಿಸಿದರು. ಕಂಪ್ಯೂಟರುಗಳು ಹೊಸವಲ್ಲ. ಹೊರಗಿನ ಜಾಲಕ್ಕೆ ಒಂದು ವೈರೂ ಹೋಗದ ಹಾಗೆ ಆ ಕೋಣೆಯನ್ನು ಬೇರೆಯೇ ಇಟ್ಟಿದ್ದರು. ಕೆಲವು ವಿದ್ಯಾರ್ಥಿಗಳು ಒಂದು ಕಡೆ ಕೂತು ಅಭ್ಯಾಸಕ್ಕೆಂದು ಎದುರಿನ ಕಂಪ್ಯೂಟರುಗಳೊಳಗೆ ನುಗ್ಗಲು ಪ್ರಯತ್ನಿಸುತ್ತಿದ್ದರು, ಎದುರು ಸಾಲಿನವರು ತಡೆಯುತ್ತಿದ್ದರು. ಎದುರು ಸಾಲಿನಲ್ಲಿ ಯೂನಿಫಾರಂ ಬಿಚ್ಚದೆ ಕೆಲಸದಿಂದ ನೇರ ಬಂದ ಒಬ್ಬ ಬಸ್ ಕಂಡಕ್ಟರ್ ಇದ್ದ. ಅವನನ್ನು ಕಂಡಾಗ ನೀರಕ್ಕನಿಗೆ ಉಸಿರು ಸಲೀಸಾಯಿತು.

ಮನೆಗೆ ಬರುವಾಗ ಅತ್ತೆ ಹೇಳಿದರು, “ಇಲ್ಲೇ ಸೇರು. ರೋಗ ಇಲ್ಲ ಅನ್ನೋ ಆಸ್ಪತ್ರೆಗಿಂತ ರೋಗಕ್ಕೆ ಹೆಸರಿಟ್ಟು ಹೇಳೋ ಆಸ್ಪತ್ರೆ ಮೇಲು.”

ಸೇರುವುದು ಬಾಯಿ ಮಾತಲ್ಲ. ಪ್ರವೇಶ ಪರೀಕ್ಷೆ ಇತ್ತು. ನೀರಕ್ಕ ಸಿಕ್ಕ ಸಮಯದಲ್ಲೆಲ್ಲ ಓದಿ ಬರೆದಳು, ಗಣಿತದಲ್ಲಿ ಡುಮ್ಕಿ ಹೊಡೆದಳು. ಆ ಸುದ್ದಿ ಎಲ್ಲಿಂದ ಸಿಕ್ಕಿತೋ, ಗಾಜಿನ ಕಟ್ಟಡದಿಂದ ಫೋನು ಬಂತು. ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಸೀಟು ಸಿದ್ಧವಾಗಿದೆ ಅಂತ. ಅವಳು ಪೂರ್ತಿ ಕೇಳಿಸಿಕೊಂಡು, “ಆ ನೆಗಡಿ ಹುಡುಗಿ ಹೇಗಿದ್ದಾಳೆ?” ಅಂತ ಕೇಳಿ ಫೋನಿಟ್ಟಳು.

ಗಂಡ ಸಮಾಧಾನ ಮಾಡಲು ಬಂದ. “ಬಿಡು, ಕೆಲಸ ಇದೆಯಲ್ಲ ಕೈಲಿ.”

“ಬಿಡಲ್ಲ ರೀ. ಗಣಿತ ತಯಾರಿಗೆ ಅಂತ ಕಾಲೇಜಲ್ಲೇ ತರಗತಿ ಮಾಡ್ತಾರಂತೆ. ಅದಕ್ಕೆ ಹೋಗ್ತೀನಿ. ಮುಂದಿನ ವರ್ಷ ಮತ್ತೆ ಬರೀತೀನಿ.”

“ಮತ್ತೆ ಫೇಲಾದ್ರೆ?”

“ಮತ್ತೂ ಬರೀತೀನಿ. ನೀವು ಹೊಲಿದ ಮೊದಲ ಅಂಗಿ ಯಾರಾದ್ರೂ ಹಾಕ್ಕೊಂಡ್ರಾ?”

ಅವನು ಯೋಚಿಸಿ, “ಅಪ್ಪ ಹಾಕ್ಕೊಂಡ್ರು. ತೋಳೇ ಏರಲಿಲ್ಲ,” ಅಂದ. ಬಹಳ ದಿನಗಳ ನಂತರ ಮನೆಯಲ್ಲಿ ಎಲ್ಲರೂ ನಕ್ಕರು.

ತಯಾರಿ ತರಗತಿ ಸಂಜೆಯದು. ಅದಕ್ಕೆ ಅವಳ ಪಾಳಿ ಕಾಯಂ ಬೆಳಗಿನದಾಗಬೇಕಿತ್ತು. ಸಾಹೇಬರು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ತಾವು ಮನೆಯಿಂದ ಒಳಬರಲು ಇಟ್ಟುಕೊಂಡಿದ್ದ ಆ ಸುಲಭದ ಬಾಗಿಲಿನಿಂದಲೇ ಕಳ್ಳ ಬಂದಿದ್ದ ಅಂತ ತನಿಖೆಯಲ್ಲಿ ತಿಳಿದಾಗಿನಿಂದ ಅವರಿಗೆ ಆ ವಿಷಯ ಎತ್ತಿದರೇ ಮುಖ ಸಪ್ಪಗಾಗುತ್ತಿತ್ತು.

“ನೀನು ಓದಿ ಬಂದು ನನ್ನ ತಪ್ಪು ಊರಿಗೆಲ್ಲ ತೋರಿಸ್ಬೇಕಾ?”

“ಯಾರ ತಪ್ಪು ಅನ್ನೋದು ನನಗೆ ಬೇಡ ಸಾರ್. ಹೇಗಾಯ್ತು ಅನ್ನೋದು ಬೇಕು. ಆ ದಿನ ನಾನೂ ನೋಡ್ತಾ ಕೂತಿದ್ದೆ. ಇನ್ನೊಂದು ಸಲ ಹಾಗೆ ಕೂರೋಕೆ ನನ್ನಿಂದ ಆಗಲ್ಲ.”

ಅವರು ಕಿಟಕಿಯಾಚೆ ತೊಟ್ಟಿಗಳ ಕಡೆ ನೋಡುತ್ತ ನಿಂತರು. ಎರಡು ದಿನ ಬಿಟ್ಟು ಪಾಳಿಯ ಪಟ್ಟಿ ಬದಲಾಯಿತು.

ತಯಾರಿ ತರಗತಿಯಲ್ಲಿ ಅವಳ ಸುತ್ತ ಕೂತವರೆಲ್ಲ ಮೀಸೆ ಚಿಗುರುವ ವಯಸ್ಸಿನವರು. ಅವರು ಥಟ್ಟನೆ ಮಾಡುವ ಲೆಕ್ಕಕ್ಕೆ ಅವಳಿಗೆ ಅರ್ಧ ಪುಟ ಬೇಕು. ಒಂದು ಭಾನುವಾರ ಮನೆಯ ಜಗುಲಿಯಲ್ಲಿ ಪುಸ್ತಕ ಹರಡಿಕೊಂಡು, ಬರೆದದ್ದನ್ನು ಹೊಡೆದುಹಾಕುತ್ತ ಕೂತಿದ್ದಾಗ ಎದುರಿಗೆ ನೆರಳು ಬಿತ್ತು. ಮೈದುನ. ಅಮ್ಮ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಡಬ್ಬಿ ವಾಪಸು ಕೊಡಲು ಬಂದವನಂತೆ ನಿಂತಿದ್ದ. ಹೋಗಲಿಲ್ಲ. ಬಗ್ಗಿ ಪುಟ ನೋಡಿದ.

“ಇಲ್ಲಿ ತಪ್ಪಿದೀರಿ ಅತ್ತಿಗೆ. ಎರಡನೇ ಸಾಲಲ್ಲೇ.”

“ಎಲ್ಲಿ?”

ಅವನು ಪಕ್ಕದಲ್ಲಿ ಕೂತು ಪೆನ್ಸಿಲ್ ತೆಗೆದುಕೊಂಡ. ಮಧ್ಯಾಹ್ನದ ಊಟಕ್ಕೆ ಅತ್ತೆ ಕರೆಯುವ ತನಕ ಇಬ್ಬರೂ ಏಳಲಿಲ್ಲ. ಊಟದ ಹೊತ್ತಿನಲ್ಲಿ ಯಾರೂ ಹಳೆಯ ಮಾತು ತೆಗೆಯಲಿಲ್ಲ. ಅತ್ತೆ ಮಾತ್ರ ಅವನ ತಟ್ಟೆಗೆ ಬಡಿಸಿದ್ದನ್ನೇ ಮತ್ತೆ ಬಡಿಸುತ್ತಿದ್ದರು. ಆಮೇಲೆ ಪ್ರತಿ ಭಾನುವಾರವೂ ಅವನು ಬಂದ. ಕಲಿಸುವುದರಲ್ಲಿ ಅವನು ಕಟುಕ. “ಹೀಗೆ ಬರೆದ್ರೆ ಪೂರ್ತಿ ಅಂಕ ಕೊಡಲ್ಲ, ಮೊದಲಿಂದ ಬರೀರಿ” ಅನ್ನುತ್ತಿದ್ದ. ಅವಳು ಮೊದಲಿಂದ ಬರೆಯುತ್ತಿದ್ದಳು. ಒಂದು ದಿನ ಅವನೇ ಹೇಳಿದ, “ಇಲಾಖೆಗೆ ದೂರು ಕೊಟ್ಟೆ. ನನ್ನ ಜೊತೆ ಓದಿದ ಎಲ್ಲರ ಸಹಿ ಹಾಕಿಸಿ.” ಅವಳು ತಲೆ ಆಡಿಸಿದಳು. ಆ ಸಂಸ್ಥೆ ಬಾಗಿಲು ಹಾಕಿತು. ಒಂದಷ್ಟು ಕಾಲ ಕಳೆದ ಮೇಲೆ ಬೇರೆ ಬಡಾವಣೆಯಲ್ಲಿ ಬೇರೆ ಬಣ್ಣದ ಬೋರ್ಡು ಹಾಕಿಕೊಂಡು ತೆರೆಯಿತು ಅಂತಲೂ ಕೇಳಿದ್ದೇವೆ. ಇಲಾಖೆಯವರು ಅಲ್ಲಿಗೂ ಹೋಗಿದ್ದಾರಂತೆ. ಬೆಕ್ಕು ಇಲಿ ಆಟ.

ನೀರಕ್ಕ ಎರಡನೆಯ ಸಲಕ್ಕೆ ಪಾಸಾದಳು. ಮೊದಲ ವರ್ಷ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಬೆಳಗ್ಗೆ ಜಲಾಗಾರ, ಸಂಜೆ ತರಗತಿ, ನಡುವೆ ಬಸ್ಸಿನಲ್ಲಿ ನಿದ್ದೆ. ಎಷ್ಟೋ ಸಲ ನಿಲ್ದಾಣ ದಾಟಿ ಹೋಗಿ ಕಂಡಕ್ಟರ್ ಎಬ್ಬಿಸಿದ್ದೂ ಉಂಟು. ಗಂಡ ಅಡುಗೆ ಕಲಿತ. ಮೊದಮೊದಲು ಉಪ್ಪಿಗೆ ಹಿಡಿತ ಇರಲಿಲ್ಲ. ಅತ್ತೆ “ಇದನ್ನ ತಿಂದ್ರೆ ನನಗೆ ಬಿ.ಪಿ., ತಿನ್ನದಿದ್ರೆ ನಿನಗೆ ಬೇಜಾರು” ಅನ್ನುತ್ತಲೇ ತಿಂದರು.

ಎರಡನೆಯ ವರ್ಷದಲ್ಲಿ ಒಂದು ಪಾಠ ಬಂತು. ಕಾರ್ಖಾನೆ, ವಿದ್ಯುತ್, ನೀರು, ಇಂಥ ಕಡೆಯ ಯಂತ್ರಗಳಿಗೆ ಹೊರಗಿನವರು ಹೇಗೆ ಕೈ ಹಾಕುತ್ತಾರೆ ಅನ್ನುವುದು. ಲ್ಯಾಬಿನಲ್ಲಿ ಆಟಿಕೆಯಂಥ ಒಂದು ಸಣ್ಣ ನೀರಿನ ವ್ಯವಸ್ಥೆ ಕಟ್ಟಿದ್ದರು. ಎದುರು ಸಾಲಿನವರು ಕದ್ದ ಪಾಸ್‌ವರ್ಡಿನಿಂದ ಒಳಬಂದು ಪಂಪು ನಿಲ್ಲಿಸಿದರು. ನೀರಕ್ಕ ಅದನ್ನು ಹೆಜ್ಜೆ ಹೆಜ್ಜೆಗೂ ಬಿಡಿಸಿ ನೋಡಿದಳು. ಎಲ್ಲಿ ತಡೆಯಬಹುದಿತ್ತು, ಎಲ್ಲಿ ಗಂಟೆ ಬಾರಿಸಬೇಕಿತ್ತು, ಎಲ್ಲಿ ಇಬ್ಬರ ಒಪ್ಪಿಗೆ ಇಲ್ಲದೆ ಅಂಕಿ ಬದಲಾಗದ ಹಾಗೆ ಮಾಡಬಹುದಿತ್ತು. ತರಗತಿ ಮುಗಿದು ಎಲ್ಲರೂ ಹೊರಟರೂ ಅವಳು ಬೆಂಚಿನಿಂದ ಏಳಲಿಲ್ಲ. ಮುಖ್ಯಸ್ಥ ಮೇಡಂ ಬಂದು “ಏನಾಯ್ತು?” ಅಂದರು.

“ಏನಿಲ್ಲ ಮೇಡಂ. ಪೂರ್ತಿ ಅರ್ಥ ಆಯ್ತು,” ಅಂದಳು.

ಮರುವಾರ ಸಾಹೇಬರ ಮುಂದೆ ಕೂತು, ಜಲಾಗಾರದಲ್ಲಿ ಏನೇನು ಬದಲಾಗಬೇಕು ಅಂತ ಹೇಳಿದಳು. ಅವರು ಎರಡು ಕಡೆ ತಕರಾರು ತೆಗೆದರು. ಒಂದರಲ್ಲಿ ಅವರದೇ ಸರಿ ಇತ್ತು, ಅವಳು ಒಪ್ಪಿಕೊಂಡಳು. ಇನ್ನೊಂದರಲ್ಲಿ ಅವಳು ಬಿಟ್ಟುಕೊಡಲಿಲ್ಲ. ಕೆಲಸ ನಿಧಾನಕ್ಕೆ ಶುರುವಾಯಿತು. ಅಂದು ಒಳಗೆ ಬಂದವನು ಯಾರು ಅನ್ನುವುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಮೈದುನ “ನನಗೆ ಮತ್ತೆ ಮೊದಲಿಂದ ಬೇಡ” ಅನ್ನುತ್ತಲೇ ಇದ್ದವನು, ಅವಳು ಎರಡನೆಯ ವರ್ಷದಲ್ಲಿದ್ದಾಗ ಯಾರಿಗೂ ಹೇಳದೆ ಪ್ರವೇಶ ಪರೀಕ್ಷೆ ಬರೆದ. ಗಣಿತದಲ್ಲಿ ಎಲ್ಲರಿಗಿಂತ ಮುಂದೆ ಬಂದ. ಕಾಲೇಜಿನ ಮೆಟ್ಟಿಲ ಮೇಲೆ ಅವಳನ್ನು ಕಂಡು, “ಅತ್ತಿಗೆ, ಇಲ್ಲಿ ನಿಮ್ಮನ್ನ ಸೀನಿಯರ್ ಅನ್ಬೇಕಾ?” ಅಂತ ಕೇಳಿದ. “ಮನೇಲೂ ಅನ್ನು, ಅಭ್ಯಾಸ ಆಗ್ಲಿ,” ಅಂದಳು.

ಕೋರ್ಸು ಮುಗಿದು ಪದವಿ ಪ್ರದಾನದ ದಿನ ಬಂದಾಗ ನೀರಕ್ಕ ಸಭಾಂಗಣಕ್ಕೆ ಹೋಗಲಿಲ್ಲ. ಅಂದೇ ಊರಿನ ದೊಡ್ಡ ಪೈಪು ಒಂದು ಒಡೆದು ರಸ್ತೆ ಕೆರೆಯಾಗಿತ್ತು. ಗಂಡ ಮತ್ತು ಅತ್ತೆ ಅವಳ ಬದಲಿಗೆ ಹೋಗಿ ಕೂತರು. ಹೆಸರು ಕರೆದಾಗ ಗಂಡ ಎದ್ದು ನಿಂತ. ತಾನೇ ಹೊಲಿದ ಹೊಸ ಅಂಗಿಯಲ್ಲಿ ಬೆವೆತು, ವೇದಿಕೆಗೆ ಹೋಗಬೇಕೋ ಬೇಡವೋ ತಿಳಿಯದೆ ನಿಂತೇ ಇದ್ದ. ಮುಖ್ಯಸ್ಥ ಮೇಡಂ ಕೆಳಗಿಳಿದು ಬಂದು ಪದವಿ ಪತ್ರವನ್ನು ಅವನ ಕೈಗೆ ಕೊಟ್ಟರು.

ಸಂಜೆ ಅದನ್ನು ಅವನು ಜಲಾಗಾರಕ್ಕೇ ತಂದ. ಅವಳು ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಮೇಸ್ತ್ರಿಯ ಜೊತೆ ಯಾವ ವಾಲ್ವು ಮೊದಲು ತೆರೆಯಬೇಕು ಅಂತ ಮಾತಾಡುತ್ತಿದ್ದಳು. ಕೈ ತೊಳೆದುಕೊಂಡು ಬಂದು ಒಮ್ಮೆ ನೋಡಿದಳು, ಕೆಳಗಿನ ಮುದ್ರೆಯ ತನಕ ಓದಿದಳು.

“ನೀವೇ ಇಟ್ಕೊಂಡಿರಿ,” ಅಂದಳು. “ನೀರು ಬಿಟ್ಟು ಬರ್ತೀನಿ. ಬೀದಿಯವರು ಕಾಯ್ತಿರ್ತಾರೆ.”